ಮಿಸ್ ಮತ್ತು ಅವರ ಶಾಲೆಯ ಗಣ್ಯರು

ಮಿಸ್ ಹೋದ ಸುದ್ದಿಯನ್ನು ಅಮೆರಿಕದ ನಮ್ಮ ಏಪೆಕ್ಸ್ ಊರಿನ ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದವರು ಮೂರು ಸಾಲಿನಲ್ಲಿ ಎರಡು ತಪ್ಪು ಮಾಡಿದ್ದರು. ಅವರು ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದರು ಎಂದು ಬರೆದಿದ್ದರು. ಅವರು ಕಲಿಸಿದ್ದು ಫಿಸಿಕ್ಸ್. ‘ಸದಾ ನಗುಮುಖದ ಹಿರಿಯ ಜೀವ’ ಎಂದೂ ಬರೆದಿದ್ದರು. ಮೂರೂವರೆ ವರ್ಷ ನಾನು ಅವರ ಎದುರು ಮನೆಯಲ್ಲಿದ್ದೆ. ಅವರು ನಕ್ಕದ್ದನ್ನು ನೋಡಿದ ದಿನಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಕೆಳಗೆ ಸಾಲುಸಾಲಾಗಿ ಜನ ಕೈಮುಗಿದ ಚಿತ್ರ ಒತ್ತಿದ್ದರು. ನಾನೂ ಒತ್ತಿ ಸುಮ್ಮನಾದೆ. ತಿದ್ದಬೇಕಿತ್ತು ಅನ್ನುವ ಕಿರಿಕಿರಿ ಇವತ್ತಿಗೂ ಹೋಗಿಲ್ಲ.

ಮಿಸ್ ಅನ್ನುವುದು ಅವರ ಹೆಸರಲ್ಲ. ಮೈಸೂರಿನ ಹುಡುಗಿ, ಮದುವೆಯಾಗಿ ಇಪ್ಪತ್ತೈದು ದಾಟುವ ಮುಂಚೆ ಗಂಡನ ಜೊತೆ ಇಂಗ್ಲೆಂಡಿಗೆ ಹೋದವರು. ಅಲ್ಲಿಯ ಉತ್ತರ ಭಾಗದ, ಗಿರಣಿಗಳು ಮುಚ್ಚುತ್ತಾ ಬಂದ ಒಂದು ಊರಿನ ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದರು. ಅಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಮಿಸ್’ ಅಷ್ಟೆ. ಬೆಂಗಳೂರಿನಲ್ಲಿ ಓದಿದ ನಮಗೂ ಅದೇ ಅಭ್ಯಾಸವಾದ್ದರಿಂದ ನಮ್ಮ ಬೀದಿಯ ದೊಡ್ಡವರಿಗೆ ಅವರು ಮಿಸ್, ಮಕ್ಕಳಿಗೆ ಮಿಸ್ ಆಂಟಿ. ಗಂಡ ತೀರಿಕೊಂಡ ಮೇಲೆ, ಇಲ್ಲಿ ಡೆಂಟಿಸ್ಟ್ ಆಗಿರುವ ಮಗಳು ವೀಣಾ ಅವರ ಮನೆಗೆ ಬಂದಿದ್ದರು.

ಅವರ ಕನ್ನಡ ಮೈಸೂರು ಬಿಟ್ಟ ದಿನಕ್ಕೇ ನಿಂತುಹೋಗಿತ್ತು. ಚಪ್ಪಲಿಗೆ ‘ಜೋಡು’ ಅನ್ನುತ್ತಿದ್ದರು, ತಿಂಡಿಗೆ ‘ಫಲಾಹಾರ’. ನಾವು ‘ಡ್ರೈವ್ ಮಾಡ್ತೀನಿ’ ಅಂದರೆ, “ಕಾರು ಓಡಿಸ್ತೀನಿ ಅನ್ನಕ್ಕೆ ಏನು ರೋಗ ನಿಂಗೆ?” ಅನ್ನುವರು. ಯಾರಾದರೂ ತಿಳಿಯದೆ ಏನೋ ಒಂದು ಉತ್ತರ ಕೊಟ್ಟರೆ ಕನ್ನಡಕ ಕೆಳಗಿಳಿಸಿ ನೋಡುವರು. “ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು ಬೆಪ್ಪುತಕ್ಕಡಿ. ಊಹೆ ಮಾಡಿ ನನ್ನ ಹೊತ್ತು ಕಳೀಬೇಡ.” ಹೊಸದಾಗಿ ಬಂದ ಹುಡುಗನೊಬ್ಬ ತನ್ನ ವೀಸಾ ತಾಪತ್ರಯ ಹೇಳಿಕೊಂಡು ಅಳುವ ಹಾಗಾದಾಗ, ಅವನ ವಾಕ್ಯದಲ್ಲಿದ್ದ ಇಂಗ್ಲಿಷ್ ವ್ಯಾಕರಣದ ತಪ್ಪನ್ನು ಮೊದಲು ತಿದ್ದಿ, ಆಮೇಲೆ ಮೂರು ಗಂಟೆ ಕೂತು ಅವನ ಅರ್ಜಿಯನ್ನು ಪೂರ್ತಿ ಹೊಸದಾಗಿ ಬರೆದುಕೊಟ್ಟರು. ಅವರನ್ನು ಇಷ್ಟಪಡುವುದು ಸುಲಭದ ಕೆಲಸವಾಗಿರಲಿಲ್ಲ.

ಕೋವಿಡ್ ಬಂದು ಶಾಲೆಗಳೆಲ್ಲ ಲ್ಯಾಪ್‌ಟಾಪಿನೊಳಗೆ ಹೋದಾಗ ಮಿಸ್ ಬೀದಿಯ ಆರು ಮಕ್ಕಳನ್ನು ತಮ್ಮ ಗರಾಜಿಗೆ ಕರೆದರು. ಶಟರ್ ಎತ್ತಿ, ಕುರ್ಚಿಗಳನ್ನು ದೂರ ದೂರ ಹಾಕಿ, ಮಾಸ್ಕ್ ಹಾಕಿಕೊಂಡೇ ಪಾಠ ಶುರು ಮಾಡಿದರು. ಶೂ ಡಬ್ಬಕ್ಕೆ ಎರಡು ತೂತು ಕೊರೆದು, ಒಂದರ ಕೆಳಗೆ ಮೇಣದಬತ್ತಿ ಹಚ್ಚಿ, ಇನ್ನೊಂದರ ಹತ್ತಿರ ಊದುಬತ್ತಿ ಹಿಡಿದರು. ಹೊಗೆ ಒಂದು ತೂತಿನಲ್ಲಿ ಇಳಿದು ಇನ್ನೊಂದರಲ್ಲಿ ಏರುತ್ತಿತ್ತು. ನನ್ನ ಮಗಳು ಅನಘಳಿಗೆ ಆಗ ಹದಿಮೂರು. ಮನೆಗೆ ಬಂದು ನಮ್ಮ ಊದುಬತ್ತಿ ಪ್ಯಾಕೆಟ್ಟನ್ನೆಲ್ಲ ಸುಟ್ಟು ಮುಗಿಸಿದಳು. ಅವಳು ಅಷ್ಟು ಖುಷಿಯಾಗಿದ್ದನ್ನು ಆ ವರ್ಷದಲ್ಲಿ ನಾನು ಬೇರೆ ಯಾವಾಗಲೂ ನೋಡಿರಲಿಲ್ಲ.

ಐದನೇ ವಾರ ಅನಘಳನ್ನು ಮಿಸ್ ಹೊರಗೆ ಹಾಕಿದರು. ಎರಡು ಸಲ ಹೋಮ್‌ವರ್ಕ್ ಮಾಡಿರಲಿಲ್ಲ. ಮೂರನೇ ಸಲ ಕೇಳಿದಾಗ ಹೆಗಲು ಕುಣಿಸಿ ‘ವಾಟೆವರ್’ ಅಂದಳಂತೆ.

“ನಾಳೆಯಿಂದ ಬರಬೇಡ. ನಿನ್ನ ಕುರ್ಚಿ ತಗೊಂಡು ಹೋಗು,” ಅಂದರಂತೆ ಮಿಸ್.

ಮಗಳು ಮಡಚುವ ಕುರ್ಚಿ ಎಳೆದುಕೊಂಡು ಬೀದಿ ದಾಟಿ ಬಂದಳು. ನಾನು ಆ ಸಂಜೆಯೇ ಹೋಗಿ ಕೇಳಿದೆ. “ಮಕ್ಕಳು ಮಿಸ್. ಈ ಟೈಮಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆ. ಒಂದು ಸಲ ಬಿಟ್ಟುಬಿಡಿ.”

“ನನ್ನ ಕ್ಲಾಸಿಗೆ ಬರೋರಿಗೆ ಕಲಿಯೋ ಮನಸ್ಸಿರಬೇಕು ಕಣೇ. ಇಲ್ಲದೋರಿಗೆ ನಾನು ಜಾಗ ಇಟ್ಟಿಲ್ಲ.” ಅದೇ ಉಸಿರಿನಲ್ಲಿ, “ಕಾಫಿ ಕುಡೀತೀಯಾ?”

ನಾನು ಕುಡಿದೆ. ಅದೂ ನನಗೆ ಈಗ ಸಿಟ್ಟು ಬರಿಸುವ ವಿಷಯವೇ. ಎದುರು ಮನೆಯ ವಯಸ್ಸಾದವರ ಜೊತೆ ಯಾಕೆ ಮನಸ್ತಾಪ ಎಂದು ಕುಡಿದು ಬಂದೆ. ಅನಘ ಮತ್ತೆ ಆ ಗರಾಜಿನ ಕಡೆ ತಲೆ ಹಾಕಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಒಂದು ಶನಿವಾರ ಮಿಸ್ ತಮ್ಮ ಐಪ್ಯಾಡ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಕಂಪ್ಯೂಟರ್ ಕೆಲಸದವಳು ಎಂದು ಗೊತ್ತಿತ್ತು. ಎಲ್ಲರೂ ಸೇರಿ ಬರೆಯುವ ಇಂಟರ್ನೆಟ್ ವಿಶ್ವಕೋಶವೊಂದರಲ್ಲಿ ಅವರ ಶಾಲೆಯ ಬಗ್ಗೆ ಒಂದು ಪುಟವಿತ್ತು. ಕೊನೆಯಲ್ಲಿ ‘ಗಣ್ಯ ಹಳೆಯ ವಿದ್ಯಾರ್ಥಿಗಳು’ ಎಂದು ಆರು ಹೆಸರು. ಅವರಲ್ಲಿ ನಾಲ್ಕು ಜನ ಮಿಸ್ ಕೈಕೆಳಗೆ ಓದಿದವರು.

“ಇವನು ನೋಡು, ಫುಟ್‌ಬಾಲು. ಎರಡು ವರ್ಷ ಆಡಿದ, ಆಮೇಲೆ ಮಂಡಿ ಹೋಯ್ತು. ಇವಳು ಟೀವಿಲಿ ಅಡುಗೆ ಮಾಡ್ತಾಳೆ, ನನ್ನ ಲ್ಯಾಬಿಗೆ ಎರಡು ಸಲ ಬೆಂಕಿ ಹಚ್ಚಿದ್ದಳು. ಇವನು ಜನಕ್ಕೆ ಮೋಸ ಮಾಡಿ ಜೈಲಿಗೆ ಹೋಗಿದ್ದ. ಅವನೂ ಗಣ್ಯ! ಇವನು ಮಂತ್ರಿಯಾಗಿದ್ದೋನು. ಇವನ ಹೋಮ್‌ವರ್ಕ್ ಬರೀತಿದ್ದೋಳು ಇವನ ತಂಗಿ. ಕೈಬರಹ ನನಗೆ ಗೊತ್ತಾಗ್ತಿರಲಿಲ್ವಾ?”

“ಹೊರಗೆ ಹಾಕಲಿಲ್ವಾ ಅವನನ್ನ?” ಅಂದೆ. ಕೇಳಿಸಲಿಲ್ಲವೆಂಬಂತೆ ಪುಟವನ್ನು ಮೇಲಕ್ಕೆ ಸರಿಸಿದರು.

ಅವರಿಗೆ ಬೇಕಾಗಿದ್ದದ್ದು ಏಳನೆಯ ಹೆಸರು ಸೇರಿಸುವುದು. ಒಬ್ಬ ಹುಡುಗಿ. ಹದಿನಾರಕ್ಕೆ ಶಾಲೆ ಬಿಟ್ಟು ಅದೇ ಊರಿನ ಒಂದು ಹಾಸಿಗೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದಳು. ಅವಳ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗೆ ಬಂದಿದ್ದವಳು ತಿರುಗಿ ಒಳಗೆ ಹೋದಳು. ಕಣ್ಣು ಕಾಣದ ಹೊಗೆಯಲ್ಲಿ ನೆಲಕ್ಕೆ ಮುಖ ಹಚ್ಚಿ ತೆವಳಿಕೊಂಡು ಹೋಗಿ, ಹೆಂಗಸರ ಕಾಲು ಹಿಡಿದು ಬಗ್ಗಿಸಿ, ತೆವಳಿಸಿಕೊಂಡೇ ಐದು ಜನರನ್ನು ಹೊರಗೆ ತಂದಳು. ಆರನೆಯವಳಿಗೆಂದು ಹೋದವಳು ಬರಲಿಲ್ಲ.

“ಬಿಸಿ ಗಾಳಿ ಮೇಲೆ ಹೋಗತ್ತೆ, ಉಸಿರಾಡೋ ಗಾಳಿ ನೆಲದ ಹತ್ರ ಉಳಿಯತ್ತೆ. ನನ್ನ ಪಾಠ ಕಣೇ ಅದು,” ಅಂದರು ಮಿಸ್. ಐಪ್ಯಾಡನ್ನು ನನ್ನ ಕಡೆ ತಳ್ಳಿದರು. “ಆ ಪಟ್ಟೀಲಿ ಇರಬೇಕಾದೋಳು ಯಾರು, ನೀನೇ ಹೇಳು.”

ಅಲ್ಲಿಂದ ನನ್ನ ಶನಿವಾರಗಳು ಹೋದವು. ಹೆಸರು ಸೇರಿಸಿದೆ. ಮರುದಿನ ಯಾರೋ ಅಳಿಸಿದರು, ಆಧಾರವಿಲ್ಲ ಎಂದು. ಮತ್ತೆ ವಿವರವಾಗಿ ಬರೆದು ಸೇರಿಸಿದೆ. ಈ ಸಲ ‘ಗಣ್ಯತೆ ಸಾಬೀತಾಗಿಲ್ಲ’ ಎಂಬ ಟಿಪ್ಪಣಿ. ಸುದ್ದಿ ಅಚ್ಚಾಗಿದ್ದ ಊರಿನ ಪತ್ರಿಕೆ ಮುಚ್ಚಿಹೋಗಿತ್ತು. ಅದರ ಹಳೆಯ ಸಂಪುಟಗಳಿದ್ದ ಗ್ರಂಥಾಲಯವೂ ಮುಚ್ಚಿತ್ತು. ಸಂಪುಟಗಳು ಜಿಲ್ಲೆಯ ದಾಖಲೆ ಕಚೇರಿಗೆ ಹೋಗಿವೆ ಎಂದರು. ಅಲ್ಲಿ ಇಮೇಲ್ ಮಾಡಿದರೆ ಕೋವಿಡ್ ಕಾರಣ ತಡವಾಗುತ್ತದೆ ಎಂಬ ಒಂದೇ ಉತ್ತರ ನಾಲ್ಕು ಸಲ ಬಂತು. ಶಾಲೆಗೆ ಬರೆದೆವು. ಶಾಲೆಯ ಹೆಸರು, ಆಡಳಿತ ಎರಡೂ ಬದಲಾಗಿದ್ದವು. ಹಳೆಯದು ನಮಗೆ ತಿಳಿಯದು ಅಂದರು. ಜೈಲಿಗೆ ಹೋದವನಿಗೆ ಮಾತ್ರ ಹನ್ನೊಂದು ಆಧಾರಗಳಿದ್ದವು.

ಕೊನೆಗೆ ಮಿಸ್ ಹಲ್ಲು ಕಚ್ಚಿಕೊಂಡು ಆ ಮಂತ್ರಿಯಾಗಿದ್ದವನಿಗೇ ಕಾಗದ ಬರೆದರು. ನೀನು ಪಾರ್ಲಿಮೆಂಟಿನಲ್ಲಿ ಅವಳ ಬಗ್ಗೆ ಎರಡು ಮಾತಾಡಿದರೆ ಅದೇ ಆಧಾರವಾಗುತ್ತದೆ, ಅವಳು ನಿನಗಿಂತ ಒಂದೇ ಕ್ಲಾಸು ಮೇಲಿದ್ದಳು, ನೆನಪಿರಬೇಕು ಎಂದು. ಆರು ವಾರದ ಮೇಲೆ ದಪ್ಪ ಲಕೋಟೆ ಬಂತು. ಒಳಗೆ ಅವನ ಸಹಿ ಇದ್ದ ಬಣ್ಣದ ಫೋಟೊ, ‘ನಿಮ್ಮ ಬೆಂಬಲಕ್ಕೆ ಧನ್ಯವಾದ’ ಎಂಬ ಅಚ್ಚು ಹಾಕಿದ ಕಾಗದ. ಮಿಸ್ ಅದನ್ನು ಹರಿಯಲಿಲ್ಲ. ಕಾಗದದಲ್ಲಿದ್ದ ಒಂದು ಕಾಮಾ ತಪ್ಪನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ವಾಪಸ್ ಕಳಿಸಿದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಹೀಗೇ ಒಂದು ವರ್ಷದ ಮೇಲಾಯಿತು. ಆ ಊರಿನ ಹಳೆಯ ಫೋಟೊಗಳನ್ನು ಹಂಚಿಕೊಳ್ಳುವ ಫೇಸ್‌ಬುಕ್ ಗುಂಪೊಂದರಲ್ಲಿ ನಾನು ಕೇಳಿಟ್ಟಿದ್ದ ಪ್ರಶ್ನೆಗೆ ಕೊನೆಗೂ ಒಬ್ಬರು ಉತ್ತರಿಸಿದರು. ಅವರು ಆ ಹುಡುಗಿಯ ಅಕ್ಕ. ಈಗ ಅವರೂ ಅಜ್ಜಿ. ಫೋನ್ ನಂಬರ್ ಕೊಟ್ಟು, ಮಾತಾಡುವುದಾದರೆ ಮಾತಾಡಿ ಅಂದರು. ಮಿಸ್‌ಗೆ ಹೇಳಿ ಆಸೆ ಹುಟ್ಟಿಸುವುದು ಬೇಡವೆಂದು ಆಫೀಸಿನ ಊಟದ ಹೊತ್ತಿನಲ್ಲಿ ಕಾರಿನೊಳಗೆ ಕೂತು ನಾನೇ ಫೋನ್ ಮಾಡಿದೆ.

ಆಕೆ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಆಮೇಲೆ, ಬೇಡ ಅಂದರು. ನಮ್ಮ ತಾಯಿ ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ. ಮೂರು ನಾಲ್ಕು ವರ್ಷಕ್ಕೊಮ್ಮೆ ಯಾರಾದರೂ ಇದನ್ನು ಕೆದಕುತ್ತಾರೆ, ಅಮ್ಮ ವಾರಗಟ್ಟಲೆ ಊಟ ಬಿಡುತ್ತಾರೆ. ದಯವಿಟ್ಟು ಅವಳ ಹೆಸರು ಎಲ್ಲೂ ಹಾಕಬೇಡಿ. ನಾನು ಮಾತು ಕೊಟ್ಟೆ. ಆ ಮಾತಿಗಾಗಿಯೇ ಇಲ್ಲೂ ಆ ಹೆಸರು ಬರೆದಿಲ್ಲ.

ಫೋನ್ ಇಡುವ ಮುಂಚೆ, ಅವರಿಗೆ ಸಂತೋಷವಾಗಲೆಂದು, ನಿಮ್ಮ ತಂಗಿಗೆ ಹೊಗೆಯ ಪಾಠ ಹೇಳಿಕೊಟ್ಟ ಟೀಚರ್ ನಮ್ಮ ಎದುರು ಮನೆಯಲ್ಲೇ ಇದ್ದಾರೆ ಅಂದೆ.

“ಸೀರೆ ಉಡುತ್ತಿದ್ದ ಫಿಸಿಕ್ಸ್ ಟೀಚರಾ?” ಅಂದರು. “ಅವರು ನನ್ನ ತಂಗಿಯನ್ನು ಕ್ಲಾಸಿನಿಂದ ಹೊರಗೆ ಹಾಕಿದ್ದರು. ಇಡೀ ಒಂದು ಟರ್ಮ್ ಕಾರಿಡಾರಿನಲ್ಲಿ ಕೂತಿದ್ದಳು. ಆಮೇಲೆ ಫಿಸಿಕ್ಸೇ ಬಿಟ್ಟಳು. ಹೊಗೆಯಲ್ಲಿ ತೆವಳುವುದನ್ನು ಹೇಳಿಕೊಟ್ಟದ್ದು ನಮ್ಮಪ್ಪ. ಅವರು ಫೈರ್ ಸ್ಟೇಷನ್ನಿನಲ್ಲಿ ಇದ್ದರು. ಐದು ವರ್ಷಕ್ಕೇ ನಮಗಿಬ್ಬರಿಗೂ ಗೊತ್ತಿತ್ತು.” ಆ ದನಿಯಲ್ಲಿ ಕೋಪವಿರಲಿಲ್ಲ. ಯಾರೋ ದಾರಿ ತಪ್ಪಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದರು.

ಆ ದಿನ ಸಂಜೆ ನೇರ ಮಿಸ್ ಮನೆಗೆ ಹೋದೆ. ಪೈನ್ ಮರಗಳ ಹಳದಿ ಪರಾಗದ ಪುಡಿ ಕಾರು, ಮೆಟ್ಟಿಲು, ಎಲ್ಲದರ ಮೇಲೆ ಕೂತಿದ್ದ ವಸಂತದ ದಿನಗಳು. ಅವರು ಪೊರಕೆ ಹಿಡಿದು ಬಾಗಿಲ ಮುಂದೆ ಗುಡಿಸುತ್ತಿದ್ದರು. ಎಲ್ಲ ಹೇಳಿದೆ. ಗುಡಿಸುವುದು ನಿಂತಿತು.

“ಗೊತ್ತು,” ಅಂದರು.

“ಏನು ಗೊತ್ತು?”

“ಹೊರಗೆ ಹಾಕಿದ್ದು. ಮರೆಯೋಕಾಗತ್ತಾ?” ಪೊರಕೆಯನ್ನು ಗೋಡೆಗೆ ಒರಗಿಸಿದರು. “ಕೊನೇ ಬೆಂಚಲ್ಲಿ ಕೂತು ನನ್ನ ಇಂಗ್ಲಿಷ್ ಅಣಕಿಸ್ತಿದ್ಲು. ನಾನು ‘ವಾಟರ್’ ಅಂದ್ರೆ ಅವಳೂ ಹಾಗೇ ಅನ್ನೋಳು, ಇಡೀ ಕ್ಲಾಸು ನಗೋದು. ನನಗೆ ಇಪ್ಪತ್ತೆಂಟು ವರ್ಷ. ಆ ಶಾಲೇಲಿ ಸೀರೆ ಉಟ್ಟೋಳು ನಾನೊಬ್ಬಳೇ. ಬೀದೀಲಿ ಯಾರೋ ಉಗುಳಿದ್ರು, ಅದೇ ವಾರ. ಅವರನ್ನ ಏನೂ ಮಾಡೋಕಾಗಲಿಲ್ಲ. ಇವಳನ್ನ ಹೊರಗೆ ಹಾಕಿದೆ.”

“ಮತ್ತೆ ನನ್ನ ಪಾಠ, ನನ್ನ ಪಾಠ ಅಂದ್ರಲ್ಲ ಮಿಸ್? ಒಂದು ವರ್ಷದಿಂದ ನಾನು ಯಾರ್ಯಾರ ಕಾಲು ಹಿಡಿದಿದ್ದೀನಿ ಗೊತ್ತಾ?”

“ಹೊರಗೆ ಹಾಕೋ ಮುಂಚೆ ಆ ಪಾಠ ಆಗಿತ್ತು. ಆಗಿತ್ತು ಅಂತ ನೆನಪು.” ಅವರು ನನ್ನ ಮುಖ ನೋಡಲಿಲ್ಲ. “ಅವಳಿಗೆ ನನ್ನಿಂದ ಅಷ್ಟಾದ್ರೂ ಸಿಕ್ಕಿತ್ತು ಅಂದುಕೊಂಡಿದ್ದೆ.”

ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಅವರಕ್ಕನಿಗೆ ಒಂದು ಫೋನ್ ಮಾಡಿ, ಸಾರಿ ಅನ್ನಿ. ಅದು ಆ ಪಟ್ಟಿಗಿಂತ ದೊಡ್ಡದು,” ಅಂದೆ.

“ಸತ್ತೋಳಿಗೆ ಮಾಡಿದ ತಪ್ಪಿಗೆ ಬದುಕಿರೋರ ಹತ್ರ ಸಾರಿ ಕೇಳಿ ನಾನು ಹಗುರ ಆಗಬೇಕಾ? ಹೆಸರು ಸೇರಿಸು. ಆಮೇಲೆ ನೋಡೋಣ.”

“ಅವರು ಬೇಡ ಅಂದಿದ್ದಾರೆ ಮಿಸ್!”

“ನೀನು ಟೀಚರಲ್ಲ. ನಿನಗೆ ಗೊತ್ತಾಗಲ್ಲ.”

“ನನ್ನ ಮಗಳನ್ನೂ ಹೊರಗೆ ಹಾಕಿದ್ರಿ. ಅದಂತೂ ನನಗೆ ಗೊತ್ತು,” ಅಂದು ಬೀದಿ ದಾಟಿ ಬಂದುಬಿಟ್ಟೆ. ನಾಲ್ಕು ತಿಂಗಳು ಮಾತಿಲ್ಲ. ಅವರು ಕಸದ ಡಬ್ಬ ಹೊರಗಿಡಲು ಬಂದರೆ ನಾನು ಬಾಗಿಲು ತೆಗೆಯುತ್ತಿರಲಿಲ್ಲ. ಎದುರೆದುರು ಮನೆಯಲ್ಲಿದ್ದು ಮಾತು ಬಿಡುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

ಐದನೇ ತಿಂಗಳು, ಶಾಲೆಗಳಿಗೆ ಬೇಸಿಗೆ ರಜೆ ಮುಗಿಯುತ್ತ ಬಂದಾಗ, ಒಂದು ಭಾನುವಾರ ಬೆಳಿಗ್ಗೆ ಅವರೇ ಬಂದು ಬೆಲ್ ಮಾಡಿದರು. ಇಸ್ತ್ರಿ ಮಾಡಿದ ಸೀರೆ, ಜೋಡು ಬಾಗಿಲ ಹೊರಗೇ ಬಿಟ್ಟರು. ನನ್ನನ್ನು ದಾಟಿ ಒಳಗೆ ನೋಡಿ, “ಅನಘ ಇದ್ದಾಳಾ?” ಅಂದರು.

ಅನಘ ಅಡುಗೆಮನೆಯ ಎತ್ತರದ ಕುರ್ಚಿಯಲ್ಲಿ ಕೂತು ಹಾಲಿಗೆ ಹಾಕಿದ ಸೀರಿಯಲ್ ತಿನ್ನುತ್ತಿದ್ದಳು. ಆಗ ಅವಳಿಗೆ ಹದಿನಾರು. ಮಿಸ್ ಅವಳ ಎದುರು ನಿಂತರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

“ಅವತ್ತು ನಿನ್ನನ್ನ ಕಳಿಸಿದ್ದು ನನ್ನ ತಪ್ಪು. ನಿನಗೆ ಆಗ ಹದಿಮೂರು. ನನಗೆ ಎಪ್ಪತ್ತು ದಾಟಿತ್ತು, ನಾನು ತಿಳ್ಕೋಬೇಕಿತ್ತು,” ಅಂದರು. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. “ನೀನು ವಾಪಸ್ ಬರಬೇಕು. ವಾರಕ್ಕೆ ಎರಡು ದಿನ. ಈ ವರ್ಷದ ಫಿಸಿಕ್ಸ್ ಪೂರ್ತಿ ನಾನು ಮಾಡಿಸ್ತೀನಿ. ಬರ್ತೀಯಾ?”

ಅನಘ ನನ್ನನ್ನು ನೋಡಿದಳು. ಆಮೇಲೆ ಚಮಚ ಕೆಳಗಿಟ್ಟು, ತನ್ನ ಕಷ್ಟದ ಕನ್ನಡದಲ್ಲಿ, “ಇಟ್ಸ್ ಓಕೆ ಮಿಸ್ ಆಂಟಿ. ನಂಗೆ ಕೋಪ ಇಲ್ಲ. ಬಟ್... ನಾನು ಫಿಸಿಕ್ಸ್ ತಗೊಂಡಿಲ್ಲ. ಐ ಡ್ರಾಪ್ಡ್ ಇಟ್. ಐ’ಮ್ ಡೂಯಿಂಗ್ ಸೈಕಾಲಜಿ,” ಅಂದಳು.

“ಓ,” ಅಂದರು ಮಿಸ್. “ಒಳ್ಳೇದು. ಒಳ್ಳೇ ವಿಷಯ.” ಇನ್ನೂ ಏನೋ ಕೇಳುವವರಂತೆ ನಿಂತಿದ್ದರು, ಆಮೇಲೆ ತಿರುಗಿದರು. ನಾನು ಕಾಫಿ ಅಂದೆ. ಇನ್ನೊಂದು ಸಲ ಅಂದು ಹೋದರು. ಕಿಟಕಿಯಿಂದ ನೋಡಿದೆ. ಬೀದಿ ದಾಟಲು ಅವರಿಗೆ ಅಷ್ಟು ಹೊತ್ತು ಬೇಕಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಒಬ್ಬರ ಮೇಲೆ ಸಿಟ್ಟಿರುವಾಗ ಅವರು ಬಂದು ತಪ್ಪಾಯಿತು ಅಂದರೆ ಸಿಟ್ಟು ಇಳಿಯಬೇಕು. ನನಗೆ ಇಳಿಯಲಿಲ್ಲ. ಎರಡು ವರ್ಷ ಮುಂಚೆ ಬಂದಿದ್ದರೆ ಮಗಳು ಓಡಿ ಹೋಗುತ್ತಿದ್ದಳು. ಹೊರಗೆ ಹಾಕಿದ ಆ ಸಂಜೆ ನಾನು ಕಾಫಿ ಕುಡಿದು ಬರುವ ಬದಲು ಜಗಳವಾಡಿದ್ದರೆ ಅವರು ಮುಂಚೆಯೇ ಬರುತ್ತಿದ್ದರೋ ಏನೋ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿ ಹಾಕಿ ಅವರ ಮೇಲೂ ನನ್ನ ಮೇಲೂ ಉರಿಯುತ್ತಿದ್ದೆ. ಆ ಇನ್ನೊಂದು ಸಲದ ಕಾಫಿ ಆಗಲೇ ಇಲ್ಲ. ಅಕ್ಟೋಬರಿನಲ್ಲಿ ಮಿಸ್‌ಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಮಾತಾಡಲಿಲ್ಲ.

ಎರಡು ವಾರದ ಮೇಲೆ ಕಮ್ಯುನಿಟಿ ಸೆಂಟರಿನ ಹಾಲಿನಲ್ಲಿ ನೆನಪಿನ ಸಭೆ ಮಾಡಿದೆವು. ಬಿಳಿ ಪರದೆಯ ಮೇಲೆ ಇಂಗ್ಲೆಂಡಿನಿಂದ ಜ಼ೂಮ್‌ನಲ್ಲಿ ಬಂದವರ ಸಣ್ಣ ಸಣ್ಣ ಮುಖಗಳು. ಮಂತ್ರಿಯಾಗಿದ್ದವನ ಕಚೇರಿಯಿಂದ ಸಂದೇಶ ಬಂದಿತ್ತು, ತನ್ನಲ್ಲಿ ವಿಜ್ಞಾನದ ಕಿಡಿ ಹೊತ್ತಿಸಿದವರು ಎಂದು. ಅದನ್ನು ಓದಿದಾಗ ಹಾಲಿನಲ್ಲಿ ಚಪ್ಪಾಳೆ. ನಮ್ಮ ಕನ್ನಡ ಸಂಘದವರು ಮಿಸ್ ತಯಾರು ಮಾಡಿದ ಗಣ್ಯರೆಂದು ಅದೇ ಪುಟದ ಪಟ್ಟಿ ತೆಗೆದು ಓದಿದರು. ಜೈಲಿಗೆ ಹೋದವನ ಹೆಸರೂ ಬಂತು. ಅದಕ್ಕೂ ಚಪ್ಪಾಳೆ.

ನನಗೆ ಎರಡು ನಿಮಿಷ ಕೊಟ್ಟಿದ್ದರು. ನಾಲಗೆಯ ತುದಿಗೆ ಬಂದಿದ್ದ ಆ ಹುಡುಗಿಯ ಹೆಸರನ್ನು ನುಂಗಿಕೊಂಡು, ಅವರ ಕನ್ನಡ, ಅವರ ಶಿಸ್ತು ಎಂದೆಲ್ಲ ಹೇಳಿ ಕೂತೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಮಿಸ್ ಕೂಡ ಇರಲಿಲ್ಲ.

ಆಗ ನಾನು ಹೇಳದೆಯೇ ಅನಘ ಎದ್ದಳು. ಮೈಕ್ ತಗೊಂಡಳು. ಇಂಗ್ಲಿಷಿನಲ್ಲೇ ಹೇಳಿದಳು. ಮಿಸ್ ಆಂಟಿ ನನ್ನನ್ನು ಕ್ಲಾಸಿನಿಂದ ಹೊರಗೆ ಹಾಕಿದ್ದರು. ಆಮೇಲೆ ನಮ್ಮ ಮನೆಗೆ ಬಂದು, ತಪ್ಪು ನನ್ನದು, ವಾಪಸ್ ಬಾ ಅಂದರು. ನಾನು ಇಲ್ಲ ಅಂದೆ. ಇಷ್ಟು ಹೇಳಿ, ಇನ್ನೇನು ಹೇಳಬೇಕೆಂದು ತಿಳಿಯದೆ, “ದಟ್ಸ್ ಇಟ್,” ಅಂದು ಕೂತಳು. ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ನಿರೂಪಕರು ಬೇಗಬೇಗ ಮುಂದಿನವರನ್ನು ಕರೆದರು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮಗಳು ಕಾರಿನಲ್ಲಿ ಕೂತಿದ್ದಳು. ಅವಳ ಮಾತಿಗೆ ನಾನು ಕ್ಷಮೆ ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ವೀಣಾ ಅವರು ಹೈಹೀಲ್ಸಿನಲ್ಲಿ ಅವಸರವಾಗಿ ನಡೆದು ಬಂದರು. ಐವತ್ತು ದಾಟಿದವರು, ಇಡೀ ಸಭೆಯಲ್ಲಿ ಒಂದು ಹನಿ ಕಣ್ಣೀರು ಹಾಕದವರು.

“ಅನಘ ಹೇಳಿದ್ದು ನಿಜಾನಾ? ಅಮ್ಮ ನಿಮ್ಮ ಮನೆಗೆ ಬಂದಿದ್ರಾ?”

“ಹೌದು. ಬೇಜಾರು ಮಾಡ್ಕೋಬೇಡಿ ವೀಣಾ...”

“ನಾನೂ ಅದೇ ಸ್ಕೂಲಲ್ಲೇ ಓದಿದ್ದು. ಅಮ್ಮನ ಕ್ಲಾಸಲ್ಲೇ. ಮಗಳು ಅಂತ ಎಲ್ಲರಿಗಿಂತ ಜಾಸ್ತಿ ನನ್ನನ್ನೇ ಹೊರಗೆ ಕಳಿಸ್ತಿದ್ರು. ಕಾರಿಡಾರಲ್ಲಿ ನಿಂತಿದ್ರೆ ಎಲ್ಲರೂ ನೋಡ್ಕೊಂಡು ಹೋಗೋರು.” ಕೈಯಲ್ಲಿದ್ದ ಕಾರಿನ ಕೀಲಿಯನ್ನು ಅವರು ಬಿಗಿಯಾಗಿ ಹಿಡಿದಿದ್ದರು. “ಒಂದೇ ಮನೇಲಿ ಇದ್ವಿ. ನನ್ನ ಹತ್ರ ಯಾವತ್ತೂ ಏನೂ ಅನ್ನಲಿಲ್ಲ. ಏನಂದ್ರು? ಯಾವ ಮಾತಲ್ಲಿ ಅಂದ್ರು, ಹಾಗೇ ಹೇಳಿ.”

ನಾನು ನಿಂತಲ್ಲೇ ಹೇಳಿದೆ. ಇಸ್ತ್ರಿ ಸೀರೆ ಉಟ್ಟು ಬಂದದ್ದು, ಕೂರದೆ ನಿಂತೇ ಮಾತಾಡಿದ್ದು, ನನಗೆ ಎಪ್ಪತ್ತು ದಾಟಿತ್ತು, ನಾನು ತಿಳ್ಕೋಬೇಕಿತ್ತು ಅಂದದ್ದು. ಅವರ ದನಿ ಹೇಗಿತ್ತೋ ಹಾಗೇ ಹೇಳಲು ನೋಡಿದೆ. ವೀಣಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಹಾಲಿನಿಂದ ಜನ ಹೊರಬಂದು, ನಮ್ಮನ್ನು ಸುತ್ತಿಕೊಂಡು ತಮ್ಮ ತಮ್ಮ ಕಾರಿನ ಕಡೆ ಹೋಗುತ್ತಿದ್ದರು.

ನಾನು ಮುಗಿಸಿದ ಮೇಲೂ ಅವರು ತಲೆ ಎತ್ತಲಿಲ್ಲ.

“ಇನ್ನೊಂದ್ ಸಲ ಹೇಳಿ,” ಅಂದರು.